ಕಾಶಿಗೆ ಹೋದವಳ ನಾಯಿ

ಡಿಸೆಂಬರ್ ೨೦, ಶನಿವಾರ

ದೊಡ್ಡಕ್ಕ ಇವತ್ತು ಜಗಳೂರಿನಿಂದ ತನ್ನ ನಾಯಿಯನ್ನು ತಂದು ನ್ಯಾಮತಿಯ ನಮ್ಮ ಮನೆಯಲ್ಲಿ ಬಿಟ್ಟಳು. ಬಸ್ಸಿನವರು ಹತ್ತಿಸಿಕೊಳ್ಳುವುದಿಲ್ಲ ಎಂದು ತರಕಾರಿ ಸಾಗಿಸುವ ಗೂಡ್ಸ್ ಗಾಡಿಯೊಂದನ್ನು ಮಾತಾಡಿಕೊಂಡು, ಚಾಲಕನ ಪಕ್ಕ ಕೂತು, ನಾಯಿಯನ್ನು ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದಾಳೆ. ಮದುವೆಯಾಗಿ ಹೋದಾಗಲೂ ನನ್ನಕ್ಕನಿಗೆ ಇಷ್ಟು ದೊಡ್ಡ ಮೆರವಣಿಗೆ ಆಗಿರಲಿಲ್ಲ.

ಕ್ರಿಸ್‌ಮಸ್ ರಜೆಗೆ ಜಗಳೂರಿನ ಕೆಲವು ಟೀಚರುಗಳು ಕಾಶಿಗೆ ಹೊರಟಿದ್ದಾರೆ. ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದು ನಿವೃತ್ತಳಾದ ದೊಡ್ಡಕ್ಕನನ್ನೂ ಸೇರಿಸಿಕೊಂಡಿದ್ದಾರೆ. ವಾಪಸು ಬರುವುದು ಜನವರಿ ಎಂಟಕ್ಕೆ. ನಾಯಿಯ ಹೆಸರು ಮೇಡಂ. ಅಂಗನವಾಡಿಯ ಹೊಸ್ತಿಲಲ್ಲಿ ಮಲಗಿ, ಹೊರಗೋಡುವ ಮಕ್ಕಳನ್ನು ಗದರಿಸಿ ಒಳಕ್ಕೆ ಕಳಿಸುತ್ತಿತ್ತಂತೆ. ಮಕ್ಕಳೇ ಇಟ್ಟ ಹೆಸರು.

ನಾನು ಹಳೆ ಬೈಕು ಕೊಂಡು ಮಾರುವವನು. ಎದುರಿಗೆ ಏನೇ ಬಂದು ನಿಂತರೂ ಕಣ್ಣು ಮೊದಲು ಅದರ ಕಂಡಿಷನ್ ನೋಡುತ್ತದೆ. ಈ ನಾಯಿ ಹಳೇ ಮಾಡೆಲ್, ಒಂದೇ ಓನರ್, ಕಂದು ಬಣ್ಣ, ಇಂಜಿನ್ ಸದ್ದು ಚೊಕ್ಕ. ಆದರೆ ಹಿಂದುಗಡೆ ಪೇಂಟ್ ಹೋಗಿದೆ. ಬಾಲದ ಬುಡದಿಂದ ತೊಡೆಯವರೆಗೆ ಕೂದಲುದುರಿ ಚರ್ಮ ಕೆಂಪಗೆ ಬಿರಿದಿದೆ.

"ಚಳಿಗೆ ಕಜ್ಜಿ ಎದ್ದೈತೆ," ಎಂದಳು ದೊಡ್ಡಕ್ಕ. "ಬಂದ ಮ್ಯಾಲೆ ನಾನೇ ಡಾಕ್ಟ್ರಿಗೆ ತೋರಿಸ್ತೀನಿ. ನೀನು ಏನೂ ಮಾಡಾಕೆ ಹೋಗ್ಬ್ಯಾಡ ಕೊಟ್ರ. ಹೊತ್ತಿಗೆ ಸರಿಯಾಗಿ ಗಂಜಿ ಹಾಕು, ಅಷ್ಟು ಸಾಕು."

"ಅಕ್ಕಾ, ಎಂತೆಂಥಾ ಗಾಡಿ ಸಂಭಾಳಿಸಿದೀನಿ, ಇದೊಂದು ನಾಯಿ ಏನು ಲೆಕ್ಕ?"

"ಗಾಡಿ ಅಲ್ಲ ಕಣೋ ಅದು."

ನನ್ನ ಹೆಂಡತಿ ಶಾಂತಾದೇವಿ ಬಾಗಿಲಲ್ಲೇ ನಿಂತು ಷರತ್ತು ಹೇಳಿದಳು. ನಾಯಿ ಅಂಗಳದಲ್ಲಿರಲಿ, ಅಡುಗೆಮನೆ ಕಡೆ ಮುಖ ಹಾಕಬಾರದು. ದೊಡ್ಡಕ್ಕ "ಆತಮ್ಮ" ಎಂದು ಅಂಗಳದ ಮೂಲೆಯಲ್ಲಿ ಕಂಬಳಿ ಹಾಸಿದಳು. ಹೊರಡುವಾಗ ನಾಯಿಗೆ ಹೇಳಿ ಹೋದಳು, ನಮಗೆ ಹೇಳುವುದು ಮರೆತಳು.

ದೊಡ್ಡಕ್ಕ ಈವರೆಗೆ ನನ್ನನ್ನು ಏನೂ ಕೇಳಿದವಳಲ್ಲ. ಭಾವ ಹೋದಾಗಲೂ ಕೇಳಲಿಲ್ಲ. ಇದೇ ಮೊದಲು. ಹಾಗಾಗಿ ಈ ವ್ಯವಹಾರ ಚೊಕ್ಕವಾಗಬೇಕು.

ಡಿಸೆಂಬರ್ ೨೨, ಸೋಮವಾರ

ನಾಯಿ ಗಂಜಿ ಮುಟ್ಟುತ್ತಿಲ್ಲ. ಗೇಟಿನ ಸಂದಿಯಲ್ಲಿ ಮೂತಿ ಇಟ್ಟು ಹೊನ್ನಾಳಿ ಕಡೆಯ ರಸ್ತೆ ನೋಡುತ್ತದೆ. ಬೇಜಾರಾದಾಗ ತಿರುಗಿ ತನ್ನ ತೊಡೆಯನ್ನೇ ಕಚ್ಚಿಕೊಳ್ಳುತ್ತದೆ.

ದೊಡ್ಡಕ್ಕ ರೈಲಿನಿಂದ ಫೋನ್ ಮಾಡಿ, "ಊಟ ಆತಾ?" ಎಂದಳು. ನಾನು, "ಉಂಡೆ ಅಕ್ಕಾ," ಎಂದೆ. "ನಿನ್ನ ಕೇಳ್ಲಿಲ್ಲ," ಎಂದಳು.

ನನ್ನ ವ್ಯಾಪಾರದ ಗುಟ್ಟು ಒಂದೇ. ಗಾಡಿ ಬರುವಾಗ ಹೇಗೇ ಇರಲಿ, ಹೋಗುವಾಗ ಹೊಳೆಯಬೇಕು. ಸವಳಂಗದ ಹುಡುಗನೊಬ್ಬ ತಾನೇ ಮಾರಿದ ಬೈಕನ್ನು ವಾರ ಬಿಟ್ಟು ಬಂದು, ಗುರುತು ಹಿಡಿಯದೆ ರೇಟು ಕೇಳಿದ್ದ. ಇದನ್ನೂ ಹಾಗೇ ಮಾಡಿ ಕೊಡುತ್ತೇನೆ. ಅಕ್ಕ ಕಾಶಿಯಿಂದ ಇಳಿದು ಬರುವಷ್ಟರಲ್ಲಿ ಹಿಂಭಾಗದಲ್ಲಿ ಹೊಸ ಕೂದಲು ಬಂದಿರಬೇಕು. ಅವಳು ಒಂದು ಗಳಿಗೆ ಬಾಯಿ ಬಿಟ್ಟು ನಿಲ್ಲಬೇಕು.

ಡಿಸೆಂಬರ್ ೨೪, ಬುಧವಾರ

ಕೆಲಸ ಶುರು. ಪಕ್ಕದ ಗ್ಯಾರೇಜಿನ ತೌಸಿಫ್‌ನ ಹತ್ತಿರ ಡಬ್ಬಿ ಹಿಡಿದು ಹೋಗಿ ಸುಟ್ಟ ಆಯಿಲ್ ಕೇಳಿದೆ.

"ಯಾವ ಗಾಡಿಗಣ್ಣ?"

"ಗಾಡಿಗಲ್ಲ, ಮೇಡಂಗೆ."

"ಯಾವ ಮೇಡಂ!"

ವಿಷಯ ಹೇಳಿದೆ. ಅವನು ನಗಲಿಲ್ಲ. "ಅಣ್ಣ, ಅದ್ರಾಗೆ ಪೆಟ್ರೋಲ್ ಸೇರೈತೆ, ಕಬ್ಬಿಣದ ಪುಡಿ ಐತೆ. ಇಂಜಿನ್ನೇ ಬ್ಯಾಡ ಅಂತ ಕಕ್ಕಿರೋದು."

"ನಮ್ಮ ಕಡೆ ಎತ್ತಿಗೆ, ನಾಯಿಗೆ, ಎಲ್ಲಾ ಕಜ್ಜಿಗೂ ಇದೇ ಮದ್ದು ಕಣೋ. ನಿಮ್ಮಪ್ಪ ಹುಟ್ಟಾಕೆ ಮುಂಚಿಂದ."

"ನಮ್ಮಪ್ಪ ಹುಟ್ಟಿದಾಗ ಈ ಊರಾಗೆ ಬೈಕೇ ಇರ್ಲಿಲ್ಲ. ಆಯಿಲ್ ಎಲ್ಲಿಂದ ಬಂತು?"

ಮಾತಿನಲ್ಲಿ ನನ್ನನ್ನು ಗೆದ್ದು ಯಾರೂ ಮುಂದೆ ಹೋಗಿಲ್ಲ, ತೌಸಿಫ್ ಯಾವ ಲೆಕ್ಕ. ಡಬ್ಬಿ ತುಂಬಿಸಿಕೊಂಡೇ ಬಂದೆ. ಹಳೆ ಬನಿಯನ್ ಅದ್ದಿ ಬಾಲದಿಂದ ಸೊಂಟದವರೆಗೆ, ಹೊಟ್ಟೆಯ ಕೆಳಗೆ, ಕಾಲಿನ ಸಂದಿಗೆ, ಎಲ್ಲ ಕಡೆ ಧಾರಾಳವಾಗಿ ಬಳಿದೆ. ನಾಯಿ ಓಡಲಿಲ್ಲ. ನಡುಗುತ್ತ ನಿಂತು, ಮುಖ ಮಾತ್ರ ಆಚೆ ತಿರುಗಿಸಿತು. ಬಿಸಿಲಿಗೆ ಕಪ್ಪಗೆ ಮಿಂಚುತ್ತಿತ್ತು. ಶಾಂತಾ ನೋಡಿ, "ಹೋಮಕ್ಕೆ ರೆಡಿ ಮಾಡಿದಂಗೈತೆ," ಎಂದಳು.

ಡಿಸೆಂಬರ್ ೨೫, ಗುರುವಾರ

ಬೆಳಗಿನ ಜಾವದಿಂದ ನಾಯಿ ತನ್ನನ್ನೇ ನೆಕ್ಕಿಕೊಂಡಿದೆ. ಮೂತಿ, ನಾಲಿಗೆ ಎಲ್ಲ ಕಪ್ಪು. ಜೊಲ್ಲು ಸುರಿಯುತ್ತಿತ್ತು, ಕಾಲು ನಿಲ್ಲುತ್ತಿರಲಿಲ್ಲ. ಹೊಟ್ಟೆಯಲ್ಲಿರುವುದು ಹೊರಗೆ ಬಂದರೆ ಸರಿಹೋಗುತ್ತದೆ ಎಂದು ಉಪ್ಪು ನೀರು ಕಲಸಿ ಬಾಯಿ ತೆರೆಸಿ ಹೊಯ್ದೆ. ಕಕ್ಕಿತು. ಕಕ್ಕುವಾಗ ಕೆಮ್ಮಿತು. ಆಮೇಲೆ ಕೆಮ್ಮು ನಿಲ್ಲಲಿಲ್ಲ.

ಪಶು ಆಸ್ಪತ್ರೆಗೆ ಹಬ್ಬದ ರಜೆ. ತೌಸಿಫ್‌ನ ಹತ್ತಿರ ಡಾಕ್ಟರ್ ಸಂಧ್ಯಾರಾಣಿಯವರ ನಂಬರ್ ಇತ್ತು, ಅವರ ಸ್ಕೂಟರ್ ರಿಪೇರಿಗೆ ಅವನ ಹತ್ತಿರವೇ ಬರುವುದು. ಫೋನ್ ಮಾಡಿದೆ. ಅವರು ಶಿವಮೊಗ್ಗದಲ್ಲಿದ್ದರು.

"ವಾಂತಿ ಯಾಕೆ ಮಾಡಿಸಿದ್ರಿ?" ಎಂದರು. "ಆಯಿಲ್ ಕುಡಿದ ಪ್ರಾಣಿಗೆ ವಾಂತಿ ಮಾಡಿಸಬಾರದು. ಮೇಲೆ ಬರುವಾಗ ಅದು ಶ್ವಾಸಕೋಶಕ್ಕೆ ಇಳಿಯುತ್ತೆ. ಈಗ ಬಾಯಿಗೆ ಏನೂ ಹಾಕಬೇಡಿ. ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ಬೆಚ್ಚಗಿನ ನೀರಲ್ಲಿ ತೊಳೀರಿ. ಸೀಮೆಎಣ್ಣೆ ಗೀಮೆಎಣ್ಣೆ ಮುಟ್ಟಬೇಡಿ. ಚೆನ್ನಾಗಿ ಒರೆಸಿ, ಮನೆಯೊಳಗೆ ಬೆಚ್ಚಗಿಡಿ. ಅಲ್ಲಿ ರಾತ್ರಿ ನೋಡೋ ಡಾಕ್ಟರ್ ಯಾರಾದ್ರೂ ಇದ್ರೆ ಕರ್ಕೊಂಡು ಹೋಗಿ, ಇಲ್ಲಾಂದ್ರೆ ಬೆಳಿಗ್ಗೆ ನಾನೇ ಬೇಗ ಬರ್ತೀನಿ."

ಶಾಂತಾ ಹಂಡೆಗೆ ಬೆಂಕಿ ಹಾಕಿದಳು. ಇಬ್ಬರೂ ಸೇರಿ ತೊಳೆದೆವು. ನೀರು ಎಷ್ಟು ಸಲ ಸುರಿದರೂ ಕಪ್ಪಗೇ ಇಳಿಯುತ್ತಿತ್ತು. ಒರೆಸಿದ ಮೇಲೆ ನಾಯಿಯನ್ನು ಅಂಗಳಕ್ಕೆ ಒಯ್ಯಲು ಎತ್ತಿಕೊಂಡೆ.

"ಎಲ್ಲಿಗೆ?" ಎಂದಳು ಶಾಂತಾ.

"ನೀನೇ ಹೇಳಿದ್ದೆಯಲ್ಲ, ಅಡುಗೆಮನೆ..."

"ನಿಮ್ಮ ತಲೆ. ಒಲೆ ಹತ್ರ ಇಡ್ರಿ."

ಡಿಸೆಂಬರ್ ೨೬, ಶುಕ್ರವಾರ

ಆಸ್ಪತ್ರೆಯ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತಿದ್ದೆವು. ಡಾಕ್ಟರ್ ನಾಯಿಯನ್ನು ಮೇಜಿನ ಮೇಲೆ ಮಲಗಿಸಿ, ಎದೆಗೆ ಯಂತ್ರ ಇಟ್ಟು ಕೇಳುತ್ತ, "ಹಚ್ಚಿದ್ದು ಯಾರು?" ಎಂದರು.

"ಅದು ಏನಾಯ್ತು ಅಂದ್ರೆ ಮೇಡಂ, ಗ್ಯಾರೇಜ್ ಪಕ್ಕದ್ದೇ, ಆಯಿಲ್ ಚೆಲ್ಲಿರುತ್ತೆ, ನಾಯಿ ಹೋಗಿ ಅದ್ರಾಗೆ ಹೊರಳಾಡಿ..."

"ಇವ್ರೇ ಹಚ್ಚಿದ್ದು," ಎಂದಳು ಶಾಂತಾ. "ಬನಿಯನ್ ಅದ್ದಿ ಅದ್ದಿ ಹಚ್ಚಿದ್ರು."

ಡಾಕ್ಟರ್ ನನ್ನ ಕಡೆ ನೋಡಲಿಲ್ಲ. "ಸುಳ್ಳು ಹೇಳಿದ್ರೆ ನಾನು ಸುಳ್ಳಿಗೆ ಔಷಧಿ ಕೊಡ್ತೀನಿ," ಎಂದರು. ಕಜ್ಜಿ ಮಾಮೂಲಿ ಹುಳದ್ದು, ಸೂಜಿ ಮಾತ್ರೆಯಲ್ಲಿ ವಾಸಿಯಾಗುತ್ತಿತ್ತು ಎಂದರು. ಈಗ ಅದಲ್ಲ ಚಿಂತೆ, ಎದೆ. ಬಲಗಡೆಯ ಶ್ವಾಸದಲ್ಲಿ ಗುಳುಗುಳು ಸದ್ದು. ಡ್ರಿಪ್ ಹಾಕಿದರು. ಮುಂಗಾಲಿನ ಕೂದಲು ಬೋಳಿಸಿ ಸೂಜಿ ಚುಚ್ಚುವಾಗ ಅವಳು ನನ್ನ ಕೈಯ ಕಡೆ ಮೂತಿ ತಿರುಗಿಸಿದಳು. ಆ ಕೈಯಲ್ಲಿ ಇನ್ನೂ ಆಯಿಲ್ ವಾಸನೆ ಇತ್ತು. ಆದರೂ ಅಲ್ಲೇ ಇಟ್ಟುಕೊಂಡಿದ್ದಳು.

ಡಿಸೆಂಬರ್ ೨೭, ಶನಿವಾರ

ದೊಡ್ಡಕ್ಕ ದಾರಿಯಲ್ಲಿ ಬೇರೆ ಕ್ಷೇತ್ರಗಳನ್ನೂ ನೋಡಿಕೊಂಡು ಕಾಶಿ ತಲುಪಿದ್ದಾಳೆ. ಅಲ್ಲಿ ಮಂಜು ಎಷ್ಟೆಂದರೆ ಗಂಗೆ ಕಾಣುವುದಿಲ್ಲ, ಸದ್ದು ಮಾತ್ರ ಕೇಳುತ್ತದೆ ಎಂದಳು.

"ಮೇಡಂನ ತೋರಿಸು, ವಿಡಿಯೋ ಹಾಕು."

"ನೆಟ್‌ವರ್ಕ್ ಇಲ್ಲ ಅಕ್ಕಾ."

"ಚೆನ್ನಾಗೈತಾ?"

"ಚೆನ್ನಾಗೈತೆ."

ಶಾಂತಾ ಒಲೆಯ ಮುಂದೆ ಕೂತು ನನ್ನನ್ನೇ ನೋಡುತ್ತಿದ್ದಳು.

ಡಿಸೆಂಬರ್ ೨೯, ಸೋಮವಾರ

ಬೆಳಿಗ್ಗೆ, ಸಂಜೆ ಎರಡು ಸಲ ಆಸ್ಪತ್ರೆ. ಅಂಗಡಿಯ ಬೀಗದ ಕೈ ತೌಸಿಫ್‌ನ ಹತ್ತಿರ ಕೊಟ್ಟಿದ್ದೇನೆ. ನ್ಯಾಮತಿಯಲ್ಲಿ ಈ ಸಲ ಚಳಿ ಜಾಸ್ತಿ. ಹೊತ್ತು ಏರಿದರೂ ಗೋಡೆ ಮುಟ್ಟಿದರೆ ನೀರು ಮುಟ್ಟಿದ ಹಾಗೆ.

ಮೇಡಂ ಮಲಗಲಾರಳು. ಮಲಗಿದರೆ ಉಸಿರು ಸಿಕ್ಕಿಕೊಳ್ಳುತ್ತದೆ. ಮುಂಗಾಲು ಅಗಲಿಸಿ, ಕತ್ತು ಮುಂದೆ ಚಾಚಿ ಕೂತೇ ಇರುತ್ತಾಳೆ. ನಿದ್ದೆ ಬಂದು ವಾಲಿದರೆ ಮತ್ತೆ ಬೆಚ್ಚಿ ಏಳುತ್ತಾಳೆ. ನಾನು ಪಕ್ಕ ಗೋಡೆಗೆ ಒರಗಿ ಕೂತು ಕಾಲು ಚಾಚಿದೆ. ಎದೆಯನ್ನು ನನ್ನ ತೊಡೆಯ ಮೇಲೆ ಆನಿಸಿದಳು. ಹಾಗೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿದಳು. ಕಾಲು ಜೋಮು ಹಿಡಿದರೂ ಎಳೆದುಕೊಳ್ಳಲಿಲ್ಲ.

ನನಗೂ ಚಿಕ್ಕಂದಿನಲ್ಲಿ ಒಮ್ಮೆ ಎದೆ ಕಟ್ಟಿತ್ತು. ದೊಡ್ಡಕ್ಕ ಗೋಡೆಗೊರಗಿ, ನನ್ನನ್ನು ತನ್ನ ಎದೆಗೆ ಆನಿಸಿಕೊಂಡು, ಬಿಸಿ ಉಪ್ಪಿನ ಗಂಟು ಬೆನ್ನಿಗಿಡುತ್ತಿದ್ದಳು. ಆಗ ಅವಳಿಗೂ ಏನು ಮಹಾ ವಯಸ್ಸು. ನಾನು ಊರಿನವರಿಗೆಲ್ಲ ಹೇಳುವುದು, ಬರಿಗೈಲಿ ಬಂದೆ, ಯಾರ ಹಂಗೂ ಇಲ್ಲದೆ ಬೆಳೆದೆ ಎಂದು. ಹೇಳಿ ಹೇಳಿ ನನಗೇ ಬಾಯಿಪಾಠವಾಗಿದೆ.

ಡಿಸೆಂಬರ್ ೩೦, ಮಂಗಳವಾರ

ಇವತ್ತು ಒಂದು ಗಳಿಗೆ ಅಂಗಡಿಗೆ ಹೋಗಿದ್ದೆ. ಚನ್ನಗಿರಿಯಿಂದ ಗಂಡ ಹೆಂಡತಿ ಬಂದು ಕೆಂಪು ಬೈಕನ್ನು ನೋಡುತ್ತಿದ್ದರು. "ಇಂಜಿನ್ ಹೆಂಗೈತ್ರಿ?" ಎಂದ ಆತ. "ಆಯಿಲ್ ಕುಡೀತೈತೆ. ಬಿಚ್ಚಿ ಕೆಲ್ಸ ಮಾಡಿಸ್ಬೇಕು," ಎಂದೆ. ಅವರು ಮುಖ ಮುಖ ನೋಡಿಕೊಂಡು ಹೋದರು. ತೌಸಿಫ್ ಸ್ಪ್ಯಾನರ್ ಕೆಳಗಿಟ್ಟು, "ಅಣ್ಣ, ಜ್ವರ ಗಿರ ಐತಾ?" ಎಂದ. ನಿದ್ದೆ ಇಲ್ಲ, ಬಾಯಿ ಹಿಡಿತದಲ್ಲಿಲ್ಲ.

ಡಿಸೆಂಬರ್ ೩೧, ಬುಧವಾರ

ಸಂಜೆಯಿಂದಲೇ ಪಟಾಕಿ. ಪ್ರತಿ ಸದ್ದಿಗೂ ಮೇಡಂ ಉಸಿರು ಬಿಗಿಹಿಡಿಯುತ್ತಾಳೆ, ಬಿಗಿಹಿಡಿದರೆ ಕೆಮ್ಮು. ಕಿಟಕಿಗೆ ಗೋಣಿಚೀಲ ಬಡಿದೆ. ರಸ್ತೆಯ ಹುಡುಗರ ಹತ್ತಿರ ಹೋಗಿ ಕೈ ಮುಗಿದೆ. "ಕೊಟ್ರಬಸಣ್ಣ ಕೈ ಮುಗೀತಾನೆ ಅಂದ್ರೆ ಏನೋ ಆಫರ್ ಐತೆ," ಎಂದು ಒಬ್ಬ ನಕ್ಕ. ಆಮೇಲೆ ಎಲ್ಲರೂ ಡಬ್ಬಿ ಎತ್ತಿಕೊಂಡು ಕೆರೆಯ ಕಡೆ ಹೋದರು.

ಜನವರಿ ೧, ಗುರುವಾರ

ಡಾಕ್ಟರ್ ಇವತ್ತು ಕುರ್ಚಿ ಎಳೆದು ಕೂತು ಮಾತಾಡಿದರು. ಕೂತು ಮಾತಾಡುವ ಡಾಕ್ಟರನ್ನು ಕಂಡರೆ ನನಗೆ ಭಯ.

"ಔಷಧಿ ನಿಲ್ಲಿಸಲ್ಲ. ಆದ್ರೆ ಎರಡೂ ಕಡೆ ಹರಡಿದೆ. ವಯಸ್ಸೂ ಆಗಿದೆ. ಯಜಮಾನರು ಯಾರು, ನೀವೇನಾ?"

"ನಮ್ಮಕ್ಕ."

"ಅವರಿಗೆ ಹೇಳಿದೀರಾ?"

ಮನೆಗೆ ಬಂದು ಎಲ್ಲ ಕಡೆಯಿಂದ ಅಳೆದು ನೋಡಿದೆ. ಹೇಳಿದರೆ ಅವಳು ಇದ್ದ ಕಡೆಯಿಂದಲೇ ಎದ್ದು ಬರುತ್ತಾಳೆ, ಜೀವಮಾನಕ್ಕೊಂದು ಕಾಶಿ ಅರ್ಧಕ್ಕೆ ನಿಲ್ಲುತ್ತದೆ. ಹೇಳದಿದ್ದರೆ ಎಂಟನೇ ತಾರೀಕು ಬಂದಾಗ "ವಯಸ್ಸಾಗಿತ್ತು, ಚಳಿ ತಡೀಲಿಲ್ಲ" ಎಂದು ಒಂದು ಮಾತು. ಆ ಮಾತು ಆಗಲೇ ನನ್ನ ನಾಲಿಗೆಯ ಮೇಲೆ ಸಿದ್ಧವಾಗಿ ಕೂತಿತ್ತು, ಹೊಳಪು ಹೊಡೆದು ನಿಲ್ಲಿಸಿದ ಗಾಡಿಯ ಹಾಗೆ. ಎಲ್ಲರೂ ನಂಬುತ್ತಿದ್ದರು. ದೊಡ್ಡಕ್ಕನೂ ನಂಬುತ್ತಿದ್ದಳು.

"ನಾನೇ ಮಾಡ್ಲಾ ಫೋನು?" ಎಂದಳು ಶಾಂತಾ.

"ಬ್ಯಾಡ."

ಮಾಡಿದೆ. ಪೀಠಿಕೆ ಹಾಕಲು ಬರಲಿಲ್ಲ. ಮೊದಲ ಮಾತಿಗೇ, "ಅಕ್ಕಾ, ಮೇಡಂಗೆ ಸುಟ್ಟ ಆಯಿಲ್ ಹಚ್ಚಿದೆ. ನೆಕ್ಕಿದ್ಳು. ಎದೆ ಹಾಳಾಗೈತೆ. ಉಳಿಯಾದು ಕಷ್ಟ," ಎಂದೆ.

ಆಚೆಯಿಂದ ಗಂಟೆ ಸದ್ದು, ಜನರ ಗದ್ದಲ. ಆಮೇಲೆ ಕೇಳಿದಳು:

"ಯಾವತ್ತು ಹಚ್ಚಿದ್ದು?"

"ಹೋದ ವಾರ, ಬುಧವಾರ."

"ಮೊನ್ನೆ ಕೇಳಿದ್ರೆ ಚೆನ್ನಾಗೈತೆ ಅಂದೆ."

"ಹೂಂ."

"ಅವಳ ಕಿವಿಗೆ ಹಿಡಿ."

ಹಿಡಿದೆ. ಏನು ಹೇಳಿದಳೋ ನಾನು ಕೇಳಿಸಿಕೊಳ್ಳಲಿಲ್ಲ. ಮೇಡಂಳ ಕಿವಿ ಎರಡು ಸಲ ನಿಮಿರಿತು.

ಜನವರಿ ೨, ಶುಕ್ರವಾರ

ಜೊತೆಯ ಟೀಚರುಗಳು ಟಿಕೆಟ್ ಮಾಡಿಸಿ ರೈಲು ಹತ್ತಿಸಿದ್ದಾರಂತೆ. ಒಬ್ಬಳೇ ಬರುತ್ತಿದ್ದಾಳೆ.

ಇಷ್ಟೇ ಬೇಡಿಕೊಳ್ಳುವುದು. ಅವಳು ಬರುವವರೆಗೆ.

ಜನವರಿ ೪, ಭಾನುವಾರ

ದಾವಣಗೆರೆ ಸ್ಟೇಷನ್ನಿಗೆ ಹೋಗಿದ್ದೆ. ದೊಡ್ಡಕ್ಕ ಚೀಲ ನನ್ನ ಕೈಗೆ ಕೊಡಲಿಲ್ಲ. ಬಸ್ಸಿನಲ್ಲಿ ನ್ಯಾಮತಿಯವರೆಗೆ ಕಿಟಕಿಯ ಕಡೆ ಮುಖ ಮಾಡಿ ಕೂತಳು.

ಗೇಟು ತೆಗೆದ ಸದ್ದಿಗೇ ಒಳಗಿನಿಂದ ಬಾಲ ನೆಲಕ್ಕೆ ಬಡಿಯುವುದು ಕೇಳಿಸಿತು. ಇಷ್ಟು ದಿನ ಆ ಬಾಲ ಅಲ್ಲಾಡಿದ್ದು ನಾನು ಕಂಡಿರಲಿಲ್ಲ. ಮೇಡಂ ಏಳಲು ನೋಡಿದಳು, ಹಿಂಗಾಲು ಏಳಲಿಲ್ಲ. ದೊಡ್ಡಕ್ಕ ಚಪ್ಪಲಿ ಸಹ ಬಿಡದೆ ಹೋಗಿ ನೆಲದ ಮೇಲೆ ಕೂತಳು. ಮೇಡಂಳ ಕತ್ತಿಗೆ ಮುಖ ಒತ್ತಿ ಮೂಸಿದಳು.

"ಇನ್ನೂ ಆಯಿಲ್ ವಾಸ್ನೆ ಐತೆ," ಎಂದಳು. ಅಷ್ಟೇ.

ಶಾಂತಾ ಊಟಕ್ಕೆ ಕರೆದರೆ ಅವಳಿಗೆ ಮಾತ್ರ ಉತ್ತರ ಕೊಟ್ಟಳು. ನಾನು ಕೋಣೆಯಲ್ಲಿ ಇರುವುದೇ ಅವಳ ಲೆಕ್ಕಕ್ಕೆ ಇರಲಿಲ್ಲ.

ಜನವರಿ ೫, ಸೋಮವಾರ

ಬೆಳಿಗ್ಗೆ ಹೋದಳು. ಅಕ್ಕನ ತೊಡೆಯ ಮೇಲೆ.

ಅಂಗಡಿಯ ಹಿಂದೆ ಹೊಂಗೆ ಮರದ ಬುಡದಲ್ಲಿ ಗುಂಡಿ ತೋಡಿದೆ. ತೌಸಿಫ್ ಗುದ್ದಲಿ ಕೇಳಿದ, ಕೊಡಲಿಲ್ಲ. ಆಮೇಲೆ ಕೈ ಸೋತಾಗ ಕೇಳದೆಯೇ ಇಸಿದುಕೊಂಡ.

ಜನವರಿ ೭, ಬುಧವಾರ

ದೊಡ್ಡಕ್ಕನನ್ನು ಬಸ್ಸಿಗೆ ಬಿಟ್ಟು ಬಂದೆ. ನಿಲ್ದಾಣದಲ್ಲಿ ಕೇಳಿದೆ:

"ಸಿಟ್ಟೈತಾ ಅಕ್ಕಾ?"

"ಐತೆ."

"ಹೋಗಲ್ವಾ?"

"ನನ್ನ ಯಾಕೆ ಕೇಳ್ತೀಯ? ಅದೇನು ನಾನು ಕಟ್ಟಿಹಾಕಿ ಸಾಕಿರಾದಾ?" ಬಸ್ಸು ಬಂತು. ಹತ್ತಿ, ಮೆಟ್ಟಿಲ ಮೇಲೆ ನಿಂತು, "ನೀನು ಫೋನ್ ಮಾಡ್ದೆ ಇದ್ದಿದ್ರೆ ಅವಳು ಬಾಗಿಲು ನೋಡ್ತಾ ನೋಡ್ತಾ ಹೋಗಿರಾಳು," ಎಂದಳು. "ಸಂಕ್ರಾಂತಿಗೆ ಬಾ. ಮಾತು ತರಬ್ಯಾಡ, ನೀನೊಬ್ನೇ ಬಾ."

ಬೀದಿಯಲ್ಲಿ ಎಲ್ಲರೂ ನಾಯಿಗೆ ಏನಾಯಿತು ಎಂದು ಕೇಳುತ್ತಾರೆ. ಹೇಳುತ್ತೇನೆ. ಒಬ್ಬೊಬ್ಬರಿಗೆ ಹೇಳುವಾಗಲೂ ಮಾತು ಚಿಕ್ಕದಾಗುತ್ತ ಬರುತ್ತಿದೆ.

ಜನವರಿ ೧೫, ಗುರುವಾರ. ಜಗಳೂರು

ಹಬ್ಬ. ಎಳ್ಳು ಬೆಲ್ಲ ಬೀರಲು ಬಂದ ಅಂಗನವಾಡಿಯ ಮಕ್ಕಳು ಹೊಸ್ತಿಲು ದಾಟುವ ಮೊದಲು ನಿಂತು, ನೆಲ ನೋಡಿ, ಆಮೇಲೆ ದಾಟಿದರು.

ಮಧ್ಯಾಹ್ನ ಎದುರುಮನೆಯ ಕುರಿ ಕಾಯುವ ಗಾದ್ರಪ್ಪ ಬಂದ. ಅವನ ನಾಯಿಗೂ ಕಜ್ಜಿ, ಕುತ್ತಿಗೆ ಪೂರಾ ಬೋಳು.

"ನೀವು ವ್ಯಾಪಾರ ಮಾಡೋರು, ನಾಕು ತಿಳಿದೋರು. ಏನ್ ಹಚ್ಚಬೇಕು ಹೇಳ್ರಿ."

"ನಂಗೊತ್ತಿಲ್ಲ."

"ಸುಟ್ಟ ಆಯಿಲ್ ಹಚ್ಚಿದ್ರೆ ಹೋಗ್ತೈತೆ ಅಂತಾರೆ?"

"ನಾನು ಹಚ್ಚಿದ್ದೆ. ಅದ್ರಿಂದಲೇ ಅಕ್ಕನ ನಾಯಿ ಸತ್ತಿದ್ದು."

ಒಳಗೆ ಪಾತ್ರೆ ಸದ್ದು ನಿಂತಿತು. ಗಾದ್ರಪ್ಪ ತನ್ನ ನಾಯಿಯನ್ನು ಹತ್ತಿರ ಎಳೆದುಕೊಂಡ.

"ನಾಳೆ ಆಸ್ಪತ್ರೆಗೆ ಹೋಗಾನ," ಎಂದೆ. "ನಾನೂ ಬರ್ತೀನಿ."

ಜನವರಿ ೧೬, ಶುಕ್ರವಾರ

ಗಾದ್ರಪ್ಪನಿಗೆ ಕುರಿ ಬಿಟ್ಟು ಬರಲು ತಡವಾಯಿತು. ನಾಯಿಯನ್ನು ಹಿಡಿದುಕೊಂಡು ನಾನೇ ಹೊರಟೆ. ಬೀದಿಯ ತಿರುವಿನಲ್ಲಿ ನೋಡಿದರೆ ದೊಡ್ಡಕ್ಕ ಸೆರಗು ಹೊದ್ದು ಹಿಂದೆ ಬರುತ್ತಿದ್ದಳು. ಅವಳು ಬಂದು ಸೇರುವವರೆಗೆ ನಿಂತೆ.

ಸೂಜಿ ಹಾಕುವಾಗ ನಾಯಿ ಕೊಸರಾಡಿತು. ತಲೆಯನ್ನು ಅವಳು ಹಿಡಿದಳು, ಹಿಂಗಾಲು ನಾನು.

"ಅಷ್ಟು ಬಿಗಿ ಹಿಡೀಬ್ಯಾಡ ಕೊಟ್ರ," ಎಂದಳು. "ಅದಕ್ಕೂ ಭಯ ಇರ್ತೈತೆ."

ಸಡಿಲ ಮಾಡಿದೆ.